ಎಡದಿಂದ ಬಲಕ್ಕೆ ನೋಡಬೇಕಾದ ಕಾಮಿಕ್ಸ್ ಅಂಗಡಿ

ಹುಬ್ಬಳ್ಳಿಯ ದುರ್ಗದಬೈಲ್ ಹಿಂದಿನ ಒಂದು ಓಣಿಯಲ್ಲಿ, ಹಳೆ ಮಾಳಿಗೆ ಮನೆಯ ಮೆಟ್ಟಿಲ ಕೆಳಗೆ, ಹಳೆ ಕಾಮಿಕ್ಸ್ ಮಾರುವ, ಬಾಡಿಗೆಗೂ ಕೊಡುವ ಅಂಗಡಿ ಇದೆ. ಬೋರ್ಡು ಇಲ್ಲ. ಓಣಿಯಲ್ಲಿ ಯಾರನ್ನಾದರೂ ಕೇಳಿದರೆ "ಪುಸ್ತಕದ ಕಾಕಾನ ಅಂಗಡಿ" ಅಂತ ಕೈ ಮಾಡಿ ತೋರಿಸುತ್ತಾರೆ. ಧಾರವಾಡದಿಂದ ಬರುವವರು ಚಿಗರಿ ಬಸ್ಸಿನಲ್ಲಿ ಸಿಬಿಟಿ ಬಸ್ ನಿಲ್ದಾಣಕ್ಕೆ ಬಂದು ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ನಾನು ಹಾಗೇ ಹೋಗುತ್ತೇನೆ.

ಹಳೆ ಪುಸ್ತಕದ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಈ ಅಂಗಡಿಯ ಬಗ್ಗೆ ಇಷ್ಟು ಬರೆಯಲು ಕಾರಣ ಪುಸ್ತಕ ಜೋಡಿಸಿದ ರೀತಿ. ಬೇರೆ ಕಡೆ ಕಾಮಿಕ್ಸ್ ರಾಶಿ ಬಿದ್ದಿರುತ್ತವೆ, ಇಲ್ಲವೇ ಕಂಪನಿ ಪ್ರಕಾರ ಇಟ್ಟಿರುತ್ತಾರೆ. ಕಾಕಾ ಇಟ್ಟಿರುವುದು ಪಾತ್ರದ ಪ್ರಕಾರ. ಒಂದು ಪಾತ್ರಕ್ಕೆ ಒಂದು ಸಾಲು. ಸಾಲಿನೊಳಗೆ ಎಡಗಡೆ ಹಳೆಯವು, ಬಲಕ್ಕೆ ಹೋದಂತೆ ಹೊಸವು.

"ಕಂಪನಿ ಹೆಸರು ಹೇಳಿ ಯಾರೂ ಪುಸ್ತಕ ಕೇಳೂದಿಲ್ರಿ ಅಕ್ಕಾರ. ಫ್ಯಾಂಟಮ್ ಐತೇನ್ರಿ, ಬಹಾದ್ದೂರ್ ಐತೇನ್ರಿ ಅಂತ ಕೇಳ್ತಾರ," ಅಂತ ಕಾಕಾ ಹೇಳಿದರು.

ವ್ಯಾಪಾರಕ್ಕಾಗಿ ಮಾಡಿದ ಈ ವ್ಯವಸ್ಥೆಯಿಂದ ನನ್ನಂಥವರಿಗೆ ಸಿಗುವುದು ಬೇರೆಯೇ. ಒಂದು ಸಾಲಿನ ಮುಂದೆ ನಿಂತು ಎಡದಿಂದ ಒಂದೊಂದೇ ಪುಸ್ತಕ ತೆಗೆದು ನೋಡುತ್ತ ಹೋದರೆ, ಒಬ್ಬ ಮನುಷ್ಯ ಹೇಗೆ ಬದಲಾದ ಅನ್ನುವುದು ಕಣ್ಣಿಗೆ ಕಾಣುತ್ತದೆ. ಮುಖ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ, ಮಾತು ಬದಲಾಗುತ್ತದೆ. ಕೆಲವರು ಮದುವೆಯಾಗುತ್ತಾರೆ. ಕೆಲವರು ಸಾಯುತ್ತಾರೆ. ಕೆಲವರು ಸತ್ತು ಮತ್ತೆ ಬರುತ್ತಾರೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕಾಮಿಕ್ಸ್ ಹಿಡಿದರೆ ಮೊದಲು ನೋಡುವುದು ಕೈ ಮತ್ತು ಕಣ್ಣು ಹೇಗೆ ಬರೆದಿದ್ದಾರೆ ಅಂತ. ಕಥೆ ಆಮೇಲೆ. ಬೆಳೆದದ್ದು ಗದಗ ರಸ್ತೆಯ ರೇಲ್ವೆ ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಒಂದು ಮನೆಯಲ್ಲಿ ತೆಲುಗು, ಪಕ್ಕದಲ್ಲಿ ತಮಿಳು, ಎದುರಿಗೆ ಮರಾಠಿ. ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳನ್ನು ನಮ್ಮ ಭಾಷೆಗಳಿಗೆ ತಂದ ಇಂದ್ರಜಾಲ ಕಾಮಿಕ್ಸ್ ಯಾವ ಭಾಷೆಯಲ್ಲಿ ಸಿಕ್ಕರೂ ನೋಡುತ್ತಿದ್ದೆ. ಓದಲು ಬಾರದ ಭಾಷೆಯಲ್ಲಿ ಚಿತ್ರ ಇನ್ನೂ ಜಾಸ್ತಿ ಮಾತಾಡುತ್ತಿತ್ತು. ಹೀಗಾಗಿ ಪಾತ್ರಗಳು ಬದಲಾಗುವ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಅಂಗಡಿಯ ಒಂದೊಂದು ಸಾಲಿನ ಜೊತೆಗೇ ಅವನ್ನೂ ಹೇಳಿಬಿಡುತ್ತೇನೆ.

ಮೊದಲ ಸಾಲು ಕಾಡಿನಲ್ಲಿರುವ ಮುಖವಾಡದ ಹೀರೋ ಫ್ಯಾಂಟಮ್‌ದು. ಅಂಗಡಿಯ ಅತ್ಯಂತ ಉದ್ದನೆಯ ಸಾಲೂ ಅದೇ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಆದರೆ ಫ್ಯಾಂಟಮ್ ಅದಕ್ಕಿಂತ ಬಹಳ ಹಳಬ. ಲೀ ಫಾಕ್ ಅವನನ್ನು ಹುಟ್ಟಿಸಿದ್ದು 1936ರ ಫೆಬ್ರುವರಿಯಲ್ಲಿ, ಅಮೆರಿಕದ ಪತ್ರಿಕೆಗಳ ಪಟ್ಟಿಚಿತ್ರವಾಗಿ, ಅಂದರೆ ಸಾಲು ಚೌಕಗಳ ಚಿತ್ರಕಥೆಯಾಗಿ. ಮೊದಲು ಬರೆದ ಕಲಾವಿದ ರೇ ಮೂರ್. ನಂತರ ವಿಲ್ಸನ್ ಮೆಕಾಯ್. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಬಂದವರು ಸೈ ಬ್ಯಾರಿ. ಅವರು 1994ರವರೆಗೂ ಬರೆದರು.

ಕಾಕಾನ ಸಾಲಿನ ಎಡತುದಿಯಲ್ಲಿ ಮೆಕಾಯ್ ಇದ್ದಾರೆ. ಗೆರೆ ಸರಳ, ಚಪ್ಪಟೆ. ಫ್ಯಾಂಟಮ್ ನಿಂತರೆ ಸೆಟೆದು ನಿಂತಿರುತ್ತಾನೆ. ಹಿಂದೆ ಕಾಡು ಅಂದರೆ ನಾಲ್ಕು ಎಲೆ, ಒಂದು ಬಳ್ಳಿ. ಬಲಕ್ಕೆ ಸರಿದಂತೆ ಸೈ ಬ್ಯಾರಿ ಶುರುವಾಗುತ್ತಾರೆ. ಅಲ್ಲಿ ಮೈಯಲ್ಲಿ ಸ್ನಾಯು ಬರುತ್ತವೆ, ಮುಖದ ಅರ್ಧಕ್ಕೆ ನೆರಳು ಬೀಳುತ್ತದೆ, ಕುದುರೆಗೆ ತೂಕ ಬರುತ್ತದೆ. ನಮ್ಮ ತಲೆಮಾರಿನವರು ಕಣ್ಣು ಮುಚ್ಚಿ ಫ್ಯಾಂಟಮ್ ಅಂದುಕೊಂಡರೆ ಕಾಣುವುದು ಈ ಬ್ಯಾರಿಯ ಫ್ಯಾಂಟಮ್. ನನಗೂ ಅವನೇ. ಆದರೂ ಮೆಕಾಯ್ ಅವರನ್ನು ಪಕ್ಕಕ್ಕೆ ಸರಿಸಲು ಮನಸ್ಸಿಲ್ಲ. ಆ ಚಪ್ಪಟೆ ಗೆರೆಯಲ್ಲಿ ಒಂದು ಜಾನಪದ ಗುಣ ಇದೆ. ಮುದುಕಿ ಹೇಳುವ ಕಥೆಗೆ ಅಷ್ಟು ಚಿತ್ರ ಸಾಕು.

ಇಷ್ಟು ಕೈ ಬದಲಾದರೂ ಒಂದು ಬದಲಾಗಲಿಲ್ಲ. ಮುಖವಾಡದ ಒಳಗಿನ ಕಣ್ಣು. ಅದರಲ್ಲಿ ಪಾಪೆ ಇಲ್ಲ, ಬರೀ ಬಿಳಿ. ಗ್ರೀಕರ ಹಳೆ ಶಿಲೆಗಳಲ್ಲಿ ಕಣ್ಣಿಗೆ ಪಾಪೆ ಇಲ್ಲದ್ದನ್ನು ನೋಡಿ ಈ ಯೋಚನೆ ಬಂತು ಅಂತ ಲೀ ಫಾಕ್ ಹೇಳಿದ್ದರು. ನಂತರ ಬಂದ ಮುಖವಾಡದ ಹೀರೋಗಳಲ್ಲಿ ಎಷ್ಟೋ ಮಂದಿಗೆ ಈ ಬಿಳಿ ಕಣ್ಣು ಬಂತು. ಪಾಪೆ ಇಲ್ಲದ ಕಣ್ಣಲ್ಲಿ ಸಿಟ್ಟು ತೋರಿಸಬೇಕು, ಪ್ರೀತಿ ತೋರಿಸಬೇಕು. ಅದು ಸುಲಭದ ಕೆಲಸ ಅಲ್ಲ. ನಮ್ಮ ಕ್ಲಾಸಿನಲ್ಲಿ ಇದನ್ನೇ ಅಭ್ಯಾಸಕ್ಕೆ ಕೊಡುತ್ತೇನೆ: ಕಣ್ಣು ಖಾಲಿ ಬಿಡಿ, ಬಾಯಿ ಮತ್ತು ಗದ್ದ ಮಾತ್ರ ಬಳಸಿ ಸಿಟ್ಟು ತೋರಿಸಿ.

ಬಣ್ಣದ ಕಥೆ ಇನ್ನೂ ಚೆನ್ನಾಗಿದೆ. ಪತ್ರಿಕೆಯಲ್ಲಿ ಮೊದಲು ಕಪ್ಪು ಬಿಳುಪಿನಲ್ಲಿ ಬರುತ್ತಿದ್ದಾಗ ಲೀ ಫಾಕ್ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅವನು ನೇರಳೆಯಾದ. ಇಟಲಿಯಲ್ಲಿ ಕೆಂಪು ಫ್ಯಾಂಟಮ್, ಸ್ವೀಡನ್ನಿನಲ್ಲಿ ನೀಲಿ ಫ್ಯಾಂಟಮ್. ಕಾಡಿನಲ್ಲಿ ಅಡಗುವವನಿಗೆ ಇದರಲ್ಲಿ ಯಾವ ಬಣ್ಣವೂ ಹೊಂದುವುದಿಲ್ಲ. ಆದರೆ ಹಸಿರಿನ ನಡುವೆ ನೇರಳೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಅನ್ನುವುದು ಬಣ್ಣ ಹಚ್ಚುವವರಿಗೆ ಗೊತ್ತು. ನನಗೆ ನೇರಳೆಯೇ ಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪಾತ್ರ ಬದಲಾಗುವುದನ್ನು ಫ್ಯಾಂಟಮ್‌ನಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಕಾಮಿಕ್ಸ್ ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾವು ಓದುವ ಫ್ಯಾಂಟಮ್ 21ನೆಯವನು. ಮೊದಲನೆಯವನು 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಬದುಕಿ ದಡ ಸೇರಿ, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆ ಮಾಡಿದವನು. ಅಪ್ಪ ಸತ್ತರೆ ಮಗ ಅದೇ ಬಟ್ಟೆ ತೊಡುತ್ತಾನೆ. ಕಾಡಿನ ಜನ ಅವನಿಗೆ ಸಾವಿಲ್ಲ ಅಂದುಕೊಳ್ಳುತ್ತಾರೆ. ಓದುಗರಿಗೆ ಮಾತ್ರ ಗೊತ್ತು, ಅವನು ಸಾಯುತ್ತಾನೆ, ಗುಹೆಯೊಳಗೆ ಹಿಂದಿನವರ ಗೋರಿಗಳು ಸಾಲಾಗಿ ಇವೆ. ಹೀರೋ ಒಬ್ಬ ಮನುಷ್ಯ ಅಲ್ಲ, ಒಂದು ಕೆಲಸ. ಆ ಕೆಲಸ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಇಷ್ಟು ದೊಡ್ಡ ಮಾತನ್ನು ಮಕ್ಕಳಿಗೆ ಇಷ್ಟು ಸರಳವಾಗಿ ಹೇಳಿದ್ದು ಸಣ್ಣ ಸಾಧನೆಯಲ್ಲ.

ಒಮ್ಮೆ ಆ ಕೆಲಸ ಹೆಣ್ಣಿನ ಕೈಗೂ ಹೋಗಿತ್ತು. 17ನೇ ಫ್ಯಾಂಟಮ್‌ನ ಸೋದರಿ ಜೂಲಿ ಅವನ ಬದಲು ಆ ಬಟ್ಟೆ ತೊಟ್ಟು ಕಾಡಿಗೆ ಇಳಿಯುತ್ತಾಳೆ. ಹೀರೋ ಜಾಗಕ್ಕೆ ಹೆಣ್ಣನ್ನು ತಂದರೆ ಸಾಕು, "ಇದೆಲ್ಲ ಈಗಿನ ಫ್ಯಾಷನ್" ಅನ್ನುವವರಿದ್ದಾರೆ. ಅವರನ್ನು ಈ ಸಾಲಿನ ಮುಂದೆ ಕರೆದುಕೊಂಡು ಬರಬೇಕು ಅನಿಸುತ್ತದೆ.

ಮದುವೆ ವಿಷಯವೂ ಹಾಗೆಯೇ. ಫ್ಯಾಂಟಮ್ ಮತ್ತು ಡಯಾನಾ ನಾಲ್ಕು ದಶಕ ಕಾದು 1977ರಲ್ಲಿ ಮದುವೆಯಾದರು. 1979ರಲ್ಲಿ ಅವಳಿ ಮಕ್ಕಳು: ಕಿಟ್ ಮತ್ತು ಹೆಲೊಯಿಸ್. ಡಯಾನಾ ವಿಶ್ವಸಂಸ್ಥೆಯ ಕೆಲಸ ಬಿಡಲಿಲ್ಲ. ಮದುವೆಯಾದರೆ ಹೀರೋ ಮೆತ್ತಗಾಗುತ್ತಾನೆ ಅಂತ ಕ್ವಾರ್ಟರ್ಸ್‌ನ ಹುಡುಗರು ವಾದ ಮಾಡುತ್ತಿದ್ದರು. ನನಗೆ ಆಗಲೂ ಹಾಗನಿಸಲಿಲ್ಲ, ಈಗಲೂ ಇಲ್ಲ. ಮಕ್ಕಳಿಲ್ಲದಿದ್ದರೆ 22ನೆಯವರು ಎಲ್ಲಿಂದ ಬರಬೇಕು? ಆ ಕಥೆಯ ಒಳಗಿನ ನಿಯಮವೇ ಮದುವೆಯನ್ನು ಕೇಳುತ್ತದೆ. ಒಳಗಿನಿಂದ ಬಂದ ಬದಲಾವಣೆ ಅಂದರೆ ಇದು.

ಹೊರಗಿನಿಂದ ಬಂದ ಬದಲಾವಣೆಯೂ ಇದೇ ಸಾಲಿನಲ್ಲಿದೆ. ಇಂದ್ರಜಾಲದವರು ನಮ್ಮ ಓದುಗರಿಗೆ ಬೇಜಾರಾಗಬಾರದು ಅಂತ ಕೆಲವು ಹೆಸರು ಬದಲಿಸಿದರು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಫ್ಯಾಂಟಮ್‌ನ ತಂದೆಯನ್ನು, ಅಂದರೆ 20ನೆಯವನನ್ನು, ಕೊಂದ ರಾಮಾ ಅನ್ನುವವನು ರಾಮಲು ಆದ. ಬಂಗಲ್ಲಾ ದೇಶ ಡೆಂಕಾಲಿ ಆಯಿತು. ನನಗೆ ಇದರಲ್ಲಿ ತಕರಾರಿಲ್ಲ. ಯಾವುದೋ ದೂರದ ದೇಶದವರು ಪೂರ್ವದ ಬಗ್ಗೆ ಸರಿಯಾಗಿ ತಿಳಿಯದೆ ಇಟ್ಟ ಹೆಸರುಗಳವು. ಕಥೆಗೆ ಏನೂ ಕಡಿಮೆಯಾಗಲಿಲ್ಲ. ತಕರಾರಿರುವುದು ಚಿತ್ರ ಕತ್ತರಿಸಿದ್ದಕ್ಕೆ. ಪತ್ರಿಕೆಯ ಪಟ್ಟಿಯನ್ನು ಪುಸ್ತಕದ ಪುಟಕ್ಕೆ ಹೊಂದಿಸಲು ಚೌಕಗಳನ್ನು ಕತ್ತರಿಸಿ, ಹಿಂದುಮುಂದು ಮಾಡಿ ಕೂಡಿಸುತ್ತಿದ್ದರು. ಬ್ಯಾರಿ ಅಷ್ಟು ಕಷ್ಟಪಟ್ಟು ಬರೆದ ಕಾಡಿನ ಅಂಚು ಹೋಗಿಬಿಡುತ್ತಿತ್ತು. ಮೂಲದ ಮರುಮುದ್ರಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ.

ಫ್ಯಾಂಟಮ್‌ನ ದೇಶವೂ ಬದಲಾಯಿತು. ಹಳೆಯ ಕಥೆಗಳಲ್ಲಿ ಬಿಳಿಯ ಅಧಿಕಾರಿಗಳ ಆಡಳಿತ. ನಂತರದ ಕಥೆಗಳಲ್ಲಿ ಲಮಾಂಡಾ ಲುವಾಗಾ ಅನ್ನುವ ಕಪ್ಪು ಜನಾಂಗದ ವೈದ್ಯ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾಗುತ್ತಾನೆ. ಆಫ್ರಿಕಾದ ದೇಶಗಳು ಒಂದರ ಮೇಲೊಂದು ಸ್ವತಂತ್ರವಾಗುತ್ತಿದ್ದ ಕಾಲ ಅದು. ಹೊರಗೆ ಜಗತ್ತು ನಡೆದ ಹಾಗೆ ಕಾಡೂ ನಡೆಯಿತು. ಇದನ್ನು ಸಣ್ಣವಳಿದ್ದಾಗ ಗಮನಿಸಿರಲಿಲ್ಲ. ಸಾಲಾಗಿ ನೋಡಿದಾಗ ಗೊತ್ತಾಗುತ್ತದೆ.

ಎರಡನೆಯದು ಮ್ಯಾಂಡ್ರೇಕ್ ಸಾಲು. ಅವನು ಫ್ಯಾಂಟಮ್‌ಗಿಂತ ಎರಡು ವರ್ಷ ದೊಡ್ಡವನು. 1934ರಲ್ಲಿ ಅದೇ ಲೀ ಫಾಕ್ ಹುಟ್ಟಿಸಿದ ಜಾದೂಗಾರ. ನಾನು ಇಲ್ಲಿ ನಿಲ್ಲುವುದು ಅವನಿಗಾಗಿ ಅಲ್ಲ, ಅವನ ಗೆಳೆಯ ಲೋಥರ್‌ಗಾಗಿ.

ಮೊದಮೊದಲ ಕಥೆಗಳಲ್ಲಿ ಲೋಥರ್ ಆಳಿನ ಹಾಗೆ. ಚಿರತೆ ಚರ್ಮ ಸುತ್ತಿಕೊಂಡು, ತಲೆಗೆ ತುರ್ಕಿ ಟೋಪಿ ಹಾಕಿಕೊಂಡು, ಮುರುಕು ಇಂಗ್ಲಿಷ್ ಮಾತಾಡುತ್ತಾನೆ. ರಾಜಪುತ್ರ ಅವನು. ಜಗತ್ತಿನ ಅತ್ಯಂತ ಬಲಶಾಲಿ. ಆದರೂ "ಮಾಸ್ಟರ್" ಅನ್ನುತ್ತ ಹಿಂದೆ ನಡೆಯುತ್ತಾನೆ. 1964ರ ಕೊನೆಯಲ್ಲಿ ಕಲಾವಿದ ಫಿಲ್ ಡೇವಿಸ್ ತೀರಿಕೊಂಡರು. 1965ರಿಂದ ಫ್ರೆಡ್ ಫ್ರೆಡರಿಕ್ಸ್ ಬರೆಯತೊಡಗಿದರು. ಅವರ ಕೈಯಲ್ಲಿ ಲೋಥರ್ ನೆಟ್ಟಗೆ ಮಾತಾಡತೊಡಗಿದ. ಬಟ್ಟೆ ಬದಲಾಯಿತು. ನಿಲ್ಲುವ ಜಾಗ ಬದಲಾಯಿತು. ಕೊನೆಯದನ್ನು ಗಮನಿಸಿ ಅಂತ ವಿನಂತಿ. ಹಳೆಯ ಚೌಕಗಳಲ್ಲಿ ಅವನು ಹಿಂದೆ, ಮೂಲೆಯಲ್ಲಿ ಇರುತ್ತಾನೆ. ನಂತರ ಮ್ಯಾಂಡ್ರೇಕ್‌ನ ಪಕ್ಕಕ್ಕೆ ಬರುತ್ತಾನೆ, ಭುಜಕ್ಕೆ ಭುಜ. ಬಾಯಿಬಿಟ್ಟು ಯಾರೂ ಏನೂ ಹೇಳದೆ, ಚಿತ್ರದಲ್ಲೇ ಗೌರವ ಬಂದುಬಿಟ್ಟಿತು.

ನಮ್ಮ ಕಡೆ ಕೆಲವು ಹಳೆ ಅಭಿಮಾನಿಗಳು "ಮೊದಲಿನ ಲೋಥರೇ ಚೆಂದ ಇದ್ದ, ಯಾಕೆ ಬದಲಿಸಿದರು" ಅನ್ನುತ್ತಾರೆ. ನಾನು ಅವರನ್ನು ಒಪ್ಪುವುದಿಲ್ಲ. ಒಬ್ಬ ಮನುಷ್ಯನನ್ನು ಕೆಳಗೆ ಕೂರಿಸಿ ಬರೆದ ಚಿತ್ರ ಎಷ್ಟೇ ಹಳೆಯ ನೆನಪಾದರೂ ಅದನ್ನು ಚೆಂದ ಅನ್ನಲು ನನಗಾಗದು. ಬದಲಾದ ಮೇಲೆಯೇ ಲೋಥರ್ ತಾನು ಯಾರೋ ಅದಾದ. ಅವನ ಬಲ, ನಿಷ್ಠೆ, ಗೆಳೆತನ ಎಲ್ಲ ಉಳಿಯಿತು. ಉಳಿಯಬಾರದ್ದು ಹೋಯಿತು. ಪಾತ್ರವನ್ನು ಬದಲಿಸುವವರು ಇದನ್ನು ನೋಡಿ ಕಲಿಯಬೇಕು.

ಮ್ಯಾಂಡ್ರೇಕ್ ಬಗ್ಗೆ ಒಂದೇ ಮಾತು. ಟೋಪಿ, ಕೋಟು, ಮೀಸೆ ಯಾವುದೂ ಕದಲಲಿಲ್ಲ. ಅವನಿಗೆ ಅದೇ ಸರಿ.

ಮೂರನೆಯದು ಬಹಾದ್ದೂರ್. ಸಾಲು ಚಿಕ್ಕದು, ಆದರೆ ಬೇಡಿಕೆ ಇದಕ್ಕೇ ಜಾಸ್ತಿ. 1976ರಲ್ಲಿ ಆಬಿದ್ ಸುರ್ತಿ ಇಂದ್ರಜಾಲಕ್ಕೆ ಬರೆದ ನಮ್ಮದೇ ಹೀರೋ. ಚಿತ್ರ ಗೋವಿಂದ್ ಬ್ರಾಹ್ಮಣಿಯಾ ಅವರದ್ದು. ಇಂದ್ರಜಾಲದ ಫ್ಯಾಂಟಮ್ ಮುಖಪುಟಗಳಿಗೆ ಬಣ್ಣ ಹಾಕಿದ ಕೈಯೂ ಅದೇ. ಬಿ. ಗೋವಿಂದ್ ಅನ್ನುವ ಸಹಿ ಹುಡುಕಿದರೆ ಸಿಗುತ್ತದೆ. ಆ ಸಹಿ ಇರುವ ಮುಖಪುಟ ಕಂಡರೆ ಒಳಗಿನ ಕಥೆ ಯಾವುದಾದರೂ ನಾನು ಕೊಳ್ಳುತ್ತೇನೆ.

ಬಹಾದ್ದೂರ್ ತೊಡುವುದು ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟು. ಮುಖವಾಡ ಇಲ್ಲ, ಹಾರುವ ಶಕ್ತಿ ಇಲ್ಲ. ಚಂಬಲ್ ಕಣಿವೆಯ ಡಕಾಯಿತನ ಮಗ ಅವನು. ಅಪ್ಪನನ್ನು ಪೊಲೀಸರು ಕೊಂದರು. ಕೊಂದ ಅಧಿಕಾರಿಯೇ ಅವನನ್ನು ಸಾಕಿದ. ಸೇಡಿನ ಹುಡುಗ ಕೊನೆಗೆ ಊರಿನ ಜನರನ್ನು ಕೂಡಿಸಿ ಡಕಾಯಿತರನ್ನು ಎದುರಿಸುವ ನಾಗರಿಕ ಪಡೆ ಕಟ್ಟುತ್ತಾನೆ. ಬದಲಾವಣೆ ಇವನಿಗೆ ಹೊರಗಿನಿಂದ ಅಂಟಿದ್ದಲ್ಲ, ಅವನ ಕಥೆಯ ಬೇರೇ ಅದು. ಹೀರೋ ಒಬ್ಬನೇ ಗೆಲ್ಲುವುದಿಲ್ಲ, ಊರು ಗೆಲ್ಲುತ್ತದೆ. ಅವನ ಜೊತೆ ಬೇಲಾ ಇದ್ದಾಳೆ. ಅವಳು ಬರೀ ಕಾಪಾಡಿಸಿಕೊಳ್ಳುವ ಹುಡುಗಿಯಲ್ಲ, ತಾನೇ ಹೊಡೆದಾಡುತ್ತಾಳೆ. ಕುರ್ತಾ ಜೀನ್ಸ್ ಮೇಲೆ ಹೀರೋ ಬರೆಯಬಹುದು ಅಂತ ನನಗೆ ಮೊದಲು ಗೊತ್ತಾಗಿದ್ದು ಇವನಿಂದ. ಅಲ್ಲಿಯವರೆಗೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾನು ಬರೆಯುತ್ತಿದ್ದ ಹೀರೋಗಳೆಲ್ಲ ಬಿಗಿ ಬಟ್ಟೆಯವರೇ.

ಪಕ್ಕದ ಗೂಡಿನಲ್ಲಿ ಚಂದಮಾಮದ ಹಳೆ ಸಂಚಿಕೆಗಳು. ಅದು ಕಾಮಿಕ್ಸ್ ಅಲ್ಲ, ಆದರೂ ಕಾಕಾ ಇಟ್ಟಿದ್ದಾರೆ. ವಿಕ್ರಮ ಬೇತಾಳದ ಪುಟ ಮಾತ್ರ ತೆಗೆದು ನೋಡಿ. ಶಂಕರ್ ಬರೆದ ರಾಜ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ. ಯಾವ ವರ್ಷದ್ದು ತೆಗೆದರೂ ರಾಜ ಅದೇ. ಬದಲಾಗದೆ ಉಳಿಯುವ ಪಾತ್ರಕ್ಕೂ ಒಂದು ಘನತೆ ಇದೆ. ಅಲ್ಲಿ ಬದಲಾಗುವುದು ಬೇತಾಳನ ಪ್ರಶ್ನೆ.

ಬಾಲಮಂಗಳದ ಡಿಂಗ ಕೂಡ ಇದ್ದಾನೆ, ಆದರೆ ಬಹಳ ಕಡಿಮೆ. ಬಂದ ಕೂಡಲೇ ಹೋಗಿಬಿಡುತ್ತವಂತೆ. ಹಾರುವ ಇಲಿಗೆ ನಮ್ಮ ಊರಲ್ಲಿ ಇನ್ನೂ ಇಷ್ಟು ಜನ ಇದ್ದಾರೆ ಅನ್ನುವುದು ನನಗೆ ಖುಷಿ ಕೊಟ್ಟಿತು.

ಇನ್ನು ಮಕ್ಕಳ ಕಾಮಿಕ್ಸ್ ಪತ್ರಿಕೆ ಟಿಂಕಲ್ ಸಾಲು. ಅದನ್ನು ಹುಟ್ಟುಹಾಕಿದ ಅನಂತ ಪೈ ನಮ್ಮ ಕಾರ್ಕಳದವರು. ಅವರು ಶುರು ಮಾಡಿದ ಅಮರ ಚಿತ್ರ ಕಥೆಯ ಮೊದಲ ಹೆಜ್ಜೆಗೂ ಕನ್ನಡಕ್ಕೂ ಸಂಬಂಧ ಇದೆ. ಮೊದಲ ಹತ್ತು ಪುಸ್ತಕ ವಿದೇಶದ ಮಕ್ಕಳ ಕಥೆಗಳು, ಅವು ಬಂದದ್ದು ಕನ್ನಡದಲ್ಲಿ. ಕೃಷ್ಣನ ಪುಸ್ತಕಕ್ಕೆ 11 ಅನ್ನುವ ನಂಬರ್ ಬಂದದ್ದು ಅದಕ್ಕೇ. ಟಿಂಕಲ್ ಬಂದದ್ದು 1980ರಲ್ಲಿ.

ಕೃಷ್ಣನ ಪುಸ್ತಕಕ್ಕೆ ಚಿತ್ರ ಬರೆದ ರಾಮ್ ವಾಯೀರ್ಕರ್ ಅವರೇ ಟಿಂಕಲ್‌ನ ಸುಪ್ಪಾಂಡಿಗೂ ರೂಪ ಕೊಟ್ಟವರು. ದೇವರನ್ನೂ ದಡ್ಡನನ್ನೂ ಒಂದೇ ಕೈ ಬರೆಯಿತು. ಎರಡರಲ್ಲೂ ಅದೇ ಪ್ರೀತಿ. ಅವರು 2003ರಲ್ಲಿ ತೀರಿಕೊಂಡ ನಂತರ ಮಗಳು ಅರ್ಚನಾ ಅಂಬೇರ್ಕರ್ ಸುಪ್ಪಾಂಡಿಯನ್ನು ಮುಂದುವರಿಸಿದರು. ಅಪ್ಪನ ಸುಪ್ಪಾಂಡಿ, ಮಗಳ ಸುಪ್ಪಾಂಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಗಳ ಗೆರೆ ಸ್ವಲ್ಪ ನುಣುಪು. ತಲೆಯ ಆಕಾರ, ಆ ನಿಷ್ಕಪಟ ನಗು ಹಾಗೇ ಇದೆ. ಸುಪ್ಪಾಂಡಿಯ ಕೆಲಸಗಳು ಮಾತ್ರ ಹೊಸ ಕಾಲಕ್ಕೆ ಬಂದಿವೆ. ಒಂದು ಪಾತ್ರವನ್ನು ಮುಂದಿನವರ ಕೈಗೆ ಕೊಡುವುದು ಹೇಗೆ ಅಂತ ಕೇಳಿದರೆ ನಾನು ಈ ಅಪ್ಪ ಮಗಳನ್ನು ತೋರಿಸುತ್ತೇನೆ.

ಪುಕ್ಕಲು ಬೇಟೆಗಾರ ಶಿಕಾರಿ ಶಂಭು ವಸಂತ ಹಳಬೆ ಅವರ ಕೈಯಲ್ಲಿ ಹುಟ್ಟಿದವನು. ಟೋಪಿ ಕಣ್ಣು ಮುಚ್ಚಿರುತ್ತದೆ. ಇಲ್ಲಿಯೂ ಕಣ್ಣಿಲ್ಲದ ಮುಖ, ಆದರೆ ಫ್ಯಾಂಟಮ್‌ಗೆ ಪೂರ್ತಿ ವಿರುದ್ಧ. ಅವನ ಖಾಲಿ ಕಣ್ಣು ಹೆದರಿಸುತ್ತದೆ, ಇವನ ಮುಚ್ಚಿದ ಕಣ್ಣು ನಗಿಸುತ್ತದೆ. ಆಮೇಲೆ ಸಾವಿಯೋ ಮಸ್ಕರೇನ್ಹಸ್ ಬರೆದರು. ಶಂಭುವಿನ ಹೆಸರಿನಲ್ಲಿ ಶಿಕಾರಿ ಉಳಿಯಿತು, ಹೊಸ ಕಥೆಗಳಲ್ಲಿ ಅವನು ಪ್ರಾಣಿಗಳನ್ನು ಕಾಪಾಡುವ ಕಡೆ ತಿರುಗಿದ. ಇದು ನನಗೆ ಬಹಳ ಇಷ್ಟವಾದ ಬದಲಾವಣೆ. ಈಗಿನ ಮಕ್ಕಳಿಗೆ ಬೇಟೆ ಅಂದರೆ ಅಪರಾಧ. ಅವರ ಮುಂದೆ ಬಂದೂಕು ಹಿಡಿದು ನಿಂತರೆ ಅವನು ಹೀರೋ ಆಗಿ ಉಳಿಯುವುದಿಲ್ಲ. ಅವನ ಪುಕ್ಕಲುತನ ಮಾತ್ರ ಹೋಗಲಿಲ್ಲ. ಅದು ಹೋಗಿದ್ದರೆ ಶಂಭುವೇ ಇರುತ್ತಿರಲಿಲ್ಲ, ಅಲ್ವಾ?

ತಂತ್ರಿ ಮಂತ್ರಿ ಬಗ್ಗೆ ನನಗೆ ಬೇಸರ ಇದೆ. ರಾಜಾ ಹೂಜನನ್ನು ಮುಗಿಸಿ ಸಿಂಹಾಸನ ಹತ್ತಬೇಕು ಅಂತ ವರ್ಷಗಟ್ಟಲೆ ಹಂಚಿಕೆ ಹಾಕಿದವನು ಅವನು. ಹೊಸ ಸಂಚಿಕೆಗಳ ಕಾಲಕ್ಕೆ ಕೊನೆಗೂ ರಾಜನಾದ. ಹೊಸತು ಮಾಡಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ತಂತ್ರಿಯ ಪ್ರಾಣ ಇರುವುದೇ ಆ ಸೋಲಿನಲ್ಲಿ. ಗೆದ್ದ ತಂತ್ರಿಯ ಮುಖದಲ್ಲಿ ಏನು ಬರೆಯಬೇಕು? ಓರೆಗಣ್ಣಿಗೆ ಕೆಲಸವೇ ಇಲ್ಲ.

ಅಂಗಡಿಯ ಮಧ್ಯದ ಮೇಜಿನ ಮೇಲೆ ಅಮೆರಿಕದ ಕಾಮಿಕ್ಸ್. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋದರೆ ಎಲ್ಲರೂ ಮುತ್ತುವುದು ಈ ಮೇಜಿಗೇ. ಅವರು ಮೊದಲು ಹುಡುಕುವುದು ಮೈಲ್ಸ್ ಮೊರಾಲೆಸ್. 2011ರಲ್ಲಿ ಬಂದ ಈ ಹುಡುಗನೇ ಅವರಿಗೆ ನಿಜವಾದ ಸ್ಪೈಡರ್‌ಮ್ಯಾನ್. 1962ರ ಪೀಟರ್ ಪಾರ್ಕರ್ ಅವರಿಗೆ ಹಳೆ ಕಾಲದವನು. ನನಗೆ ಸಿಟ್ಟಿಲ್ಲ. ಪೀಟರನನ್ನೇ ತಿದ್ದಿ ತೀಡಿ ಬೇರೆಯವನನ್ನಾಗಿ ಮಾಡದೆ, ಬೇರೆ ಮನೆಯ, ಬೇರೆ ಬಣ್ಣದ ಹೊಸ ಹುಡುಗನಿಗೆ ಅವನದೇ ಕಥೆ ಕೊಟ್ಟರು. ಮೈಲ್ಸ್‌ನ ಕಪ್ಪು ಬಟ್ಟೆಯ ಮೇಲಿನ ಕೆಂಪು ಗೆರೆಗಳು ಎಷ್ಟು ಚುರುಕಾಗಿವೆ ಅಂದರೆ, ಬರೆಯಲು ಬಾರದ ಮಕ್ಕಳೂ ಅವನನ್ನು ಬರೆಯಲು ಕೂರುತ್ತಾರೆ.

2004ರಲ್ಲಿ ನಮ್ಮ ದೇಶದವರೇ ಮಾಡಿದ ಸ್ಪೈಡರ್‌ಮ್ಯಾನ್ ಕೂಡ ಮೇಜಿನ ಮೇಲೆ ಇತ್ತು. ಮುಂಬೈಯ ಪವಿತ್ರ ಪ್ರಭಾಕರ, ಮೇಲೆ ಜೇಡನ ಬಟ್ಟೆ, ಕೆಳಗೆ ಧೋತರ. ಜೀವನ್ ಕಾಂಗ್ ಬರೆದ ಧೋತರದ ನೆರಿಗೆ ಗಾಳಿಯಲ್ಲಿ ಹಾರುವುದನ್ನು ನೋಡುವುದೇ ಒಂದು ಸುಖ. ಕಥೆ ಮಾತ್ರ ಪೀಟರ್‌ನ ಮನೆಯವರಿಗೆ ನಮ್ಮ ಹೆಸರಿಟ್ಟಂತೆ ನಡೆಯುತ್ತದೆ. ಭೀಮ ಕಾಕಾ, ಮಾಯಾ ಕಾಕು. ಶಕ್ತಿ ಕೊಡುವವನು ಯೋಗಿ. ಮುಂಬೈಯ ಹುಡುಗನಿಗೆ ಮುಂಬೈಯದೇ ದುಃಖ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈ ಮೇಜಿನ ಮೇಲೆ ನನಗೆ ಸೇರದ ಸಂಗತಿಗಳೂ ಇವೆ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್, ಅಂದರೆ ಜೇಸನ್ ಟಾಡ್ ಅನ್ನುವ ಹುಡುಗ, ಬದುಕಬೇಕೋ ಸಾಯಬೇಕೋ ಅಂತ ಓದುಗರಿಂದ ಫೋನಿನಲ್ಲಿ ಮತ ಹಾಕಿಸಿದರು. ಸಾಯಲಿ ಅಂದವರು 5,343. ಬದುಕಲಿ ಅಂದವರು 5,271. ಬರೀ 72 ಮತದಲ್ಲಿ ಹುಡುಗ ಸತ್ತ. ಈ ಸಂಖ್ಯೆ ನೆನೆದಾಗಲೆಲ್ಲ ನನಗೆ ಕಸಿವಿಸಿ. ಅವನ ಸಾವು ಕಥೆ ಕೇಳಿದ್ದಲ್ಲ. ಲೇಖಕರು ಮಾಡಬೇಕಾದ ಕಷ್ಟದ ತೀರ್ಮಾನವನ್ನು ಫೋನಿಗೆ ಬಿಟ್ಟುಕೊಟ್ಟರು. 1992ರಲ್ಲಿ ಸೂಪರ್‌ಮ್ಯಾನ್ ಸತ್ತ, ಮರುವರ್ಷವೇ ಎದ್ದು ಬಂದ. ಅತ್ತವರ ಕಣ್ಣೀರಿಗೆ ಬೆಲೆ ಏನು ಉಳಿಯಿತು? ಸ್ಪೈಡರ್‌ಮ್ಯಾನ್ 1987ರಲ್ಲಿ ಮೇರಿ ಜೇನ್‌ಳನ್ನು ಮದುವೆಯಾದ. 2007ರಲ್ಲಿ ಆ ಮದುವೆ ಆಗಿಯೇ ಇರಲಿಲ್ಲ ಅಂತ ಅಳಿಸಿಹಾಕಿದರು. ಇಪ್ಪತ್ತು ವರ್ಷ ಅವರ ಸಂಸಾರದ ಜೊತೆ ಬೆಳೆದ ಓದುಗರು ಏನು ಮಾಡಬೇಕು? ಫ್ಯಾಂಟಮ್ ಸಾಲಿನಿಂದ ಈ ಮೇಜಿಗೆ ಬಂದರೆ ಈ ವ್ಯತ್ಯಾಸ ಎದೆಗೆ ನಾಟುತ್ತದೆ. ಅಲ್ಲಿ ಒಮ್ಮೆ ಆದದ್ದು ಆಯಿತು. ಸತ್ತವರು ಗೋರಿಯಲ್ಲಿ ಇದ್ದಾರೆ, ಮದುವೆಯಾದವರು ಮನೆಯಲ್ಲಿ ಇದ್ದಾರೆ.

1973ರಲ್ಲಿ ಸತ್ತ ಗ್ವೆನ್ ಸ್ಟೇಸಿಯ ಸಂಚಿಕೆಯ ಮರುಮುದ್ರಣ ಸಿಕ್ಕರೆ ಬಿಡಬೇಡಿ. ಸ್ಪೈಡರ್‌ಮ್ಯಾನ್ ತಾನು ಪ್ರೀತಿಸಿದವಳನ್ನು ಕಾಪಾಡಲು ಹೋಗುತ್ತಾನೆ, ಆಗುವುದಿಲ್ಲ. ಆ ಸೋಲು ಅವನನ್ನು ಶಾಶ್ವತವಾಗಿ ಬದಲಿಸಿತು. ಅದು ಓದುಗರನ್ನು ಮೋಸ ಮಾಡದ ಸಾವು.

ಈಗ ಅಂಗಡಿಯ ಲೆಕ್ಕಾಚಾರ. ಬಾಡಿಗೆಗೆ ಒಂದು ಪುಸ್ತಕಕ್ಕೆ ವಾರಕ್ಕೆ 10 ರೂಪಾಯಿ, ಜೊತೆಗೆ ಡಿಪಾಜಿಟ್. ಹಳೆ ಟಿಂಕಲ್ 20ರಿಂದ ಶುರು. ಅಮರ ಚಿತ್ರ ಕಥೆ 40ರ ಆಸುಪಾಸು. ಇಂದ್ರಜಾಲಕ್ಕೆ 150ರಿಂದ 600, ಪುಸ್ತಕದ ಸ್ಥಿತಿ ನೋಡಿ. ಕನ್ನಡದ ಇಂದ್ರಜಾಲ ಕಡಿಮೆ. ಇಂಗ್ಲಿಷ್, ಮರಾಠಿ, ಹಿಂದಿ ಜಾಸ್ತಿ. ಇಂಟರ್ನೆಟ್ಟಿನಲ್ಲಿ ಇದೇ ಪುಸ್ತಕಗಳಿಗೆ ಕೇಳುವ ಬೆಲೆ ನೋಡಿದವರಿಗೆ ಇದು ಜಾಸ್ತಿ ಅನಿಸುವುದಿಲ್ಲ. ಚೌಕಾಸಿ ಸ್ವಲ್ಪ ನಡೆಯುತ್ತದೆ. ಫೋನಿನಲ್ಲೇ ದುಡ್ಡು ಕೊಡಬಹುದು.

ಸಾಲದ್ದು ಏನು? ಮೊದಲನೆಯದು ಬೆಳಕು. ಒಂದೇ ಬಲ್ಬು. ಬಲತುದಿಯಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಪುಸ್ತಕವನ್ನು ಬಾಗಿಲಿಗೆ ತಂದು ನೋಡಬೇಕು. ಎರಡನೆಯದು ಧೂಳು. ಆಸ್ತಮಾ ಇದ್ದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ. ಮೂರನೆಯದು ನಿಜವಾಗಿ ಸರಿಪಡಿಸಬೇಕಾದದ್ದು. ಮುಖಪುಟ ಹೋದ ಕೆಲವು ಇಂದ್ರಜಾಲಗಳಿಗೆ ಬಣ್ಣದ ಝೆರಾಕ್ಸ್ ಹಾಕಿ ಪಿನ್ ಹೊಡೆದಿದ್ದಾರೆ, ಬೆಲೆ ಮಾತ್ರ ಪೂರ್ತಿ ಪುಸ್ತಕದ್ದೇ. ನಾನು ತಂದ ಒಂದರಲ್ಲಿ ನಡುವಿನ ಹಾಳೆಯೂ ಇರಲಿಲ್ಲ. ವಾಪಸ್ ಒಯ್ದಾಗ ಕಾಕಾ ಜಗಳ ಮಾಡದೆ ಬದಲಿಸಿಕೊಟ್ಟರು. "ನಾನೂ ನೋಡಿರಲಿಲ್ಲವಾ, ತಪ್ಪು ತಿಳ್ಕೋಬ್ಯಾಡ," ಅಂದರು. ಅವರು ಸಾಮಾನ್ಯವಾಗಿ ಅಕ್ಕಾರ ಅನ್ನುವವರು. ಅಂದು ಮಗಳಿಗೆ ಹೇಳುವ ಹಾಗೆ ಹೇಳಿದರು. ಆದರೂ ಝೆರಾಕ್ಸ್ ಮುಖಪುಟದ ಪುಸ್ತಕಗಳ ಮೇಲೆ ಒಂದು ಚೀಟಿ ಅಂಟಿಸಿ ಬೆಲೆ ಇಳಿಸುವುದು ಒಳ್ಳೆಯದು. ಕೊಳ್ಳುವ ಮುಂಚೆ ಪಿನ್ ಹತ್ತಿರ ಬಿಚ್ಚಿ ಪುಟ ಎಣಿಸಿ.

ಇನ್ನೊಂದು ಸಲಹೆ. ಒಂದು ಪಾತ್ರ ಆರಿಸಿಕೊಂಡು ಹೋಗಿ. ಎಲ್ಲ ಸಾಲನ್ನೂ ಒಂದೇ ಸಂಜೆ ನೋಡಲು ಹೋದರೆ ಏನೂ ನಿಲ್ಲುವುದಿಲ್ಲ. ಮೊದಲ ಸಲ ಹೋಗುವವರಿಗೆ ನಾನು ಮ್ಯಾಂಡ್ರೇಕ್ ಸಾಲು ಹೇಳುತ್ತೇನೆ. ಚಿಕ್ಕದಿದೆ, ಲೋಥರ್ ಎಲ್ಲಿ ನಿಂತಿದ್ದಾನೆ ಅಂತ ಮಾತ್ರ ನೋಡುತ್ತ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಸುಪ್ಪಾಂಡಿಯಿಂದ ಶುರು ಮಾಡಿ. ಪುಸ್ತಕ ತೆಗೆದು ನೋಡಿದ್ದಕ್ಕೆ ಕಾಕಾ ಬೇಜಾರು ಮಾಡಿಕೊಳ್ಳುವುದಿಲ್ಲ. ತೆಗೆದದ್ದನ್ನು ಅದೇ ಜಾಗಕ್ಕೆ ಇಡದಿದ್ದರೆ ಮಾತ್ರ ಬೈಸಿಕೊಳ್ಳುತ್ತೀರಿ. ಬೈಯುವುದು ಸರಿಯೇ, ಆ ಕ್ರಮ ಕೆಟ್ಟರೆ ಅಂಗಡಿಯಲ್ಲಿ ಉಳಿಯುವುದು ಹಳೆ ಕಾಗದ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬೆಳಕು ಮತ್ತು ಝೆರಾಕ್ಸ್ ಸರಿಯಾದರೆ ಐದು.

ಕನ್ನಡದ ಇಂದ್ರಜಾಲ, ಅದರಲ್ಲೂ ಬಹಾದ್ದೂರ್, ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಕಾಕಾ ಒಂದಕ್ಕೆ ಎರಡು ಬೇರೆ ಪುಸ್ತಕ ಕೊಡುತ್ತಾರೆ. ಹರಿದಿದ್ದರೂ ತೆಗೆದುಕೊಳ್ಳುತ್ತಾರೆ. ಸಂಜೆ ನಾಲ್ಕರಿಂದ ಎಂಟರವರೆಗೆ ತೆರೆದಿರುತ್ತದೆ, ಸೋಮವಾರ ಬಂದ್.